ಸುಟ್ಟ ಕಾಗದ, ಬರೆಯದ ಕಾಗದ: ಅಟ್ಲಾಂಟಾ ನಗರದ ಚರಿತ್ರೆಯನ್ನು ಹುಡುಕುವ ಬಗೆ



ಊರಿನ ಚರಿತ್ರೆಯನ್ನು ಹುಡುಕುವ ಬಗೆ ಹೇಗೆ ಎಂಬುದರ ಮೇಲೆ ವರ್ಷಕ್ಕೊಮ್ಮೆ ಒಂದು ಉಪನ್ಯಾಸ ನಡೆಯಬೇಕು ಎಂಬುದು ಈ ದತ್ತಿಯ ಆಶಯ. ಹಿಂದೆ ಇಲ್ಲಿ ಮಾತನಾಡಿದವರು ನಮ್ಮ ನಾಡಿನ ಪಟ್ಟಣಗಳನ್ನೇ ಎತ್ತಿಕೊಂಡಿದ್ದರು. ಈ ಸಲ ನಾನು ಬಲು ದೂರದ ಊರೊಂದನ್ನು ಆರಿಸಿಕೊಂಡಿದ್ದೇನೆ: ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾ, ಜಾರ್ಜಿಯಾ ರಾಜ್ಯದ ರಾಜಧಾನಿ.

ಇಷ್ಟು ದೂರ ಹೋಗಲು ಕಾರಣ ಉಂಟು. ಅಟ್ಲಾಂಟಾ ವಯಸ್ಸಿನಲ್ಲಿ ಚಿಕ್ಕ ಊರು. 1837ರಲ್ಲಿ ರೈಲುದಾರಿಯ ಕೊನೆಯ ತಾಣವಾಗಿ ಗುರುತು ಹಾಕಿಸಿಕೊಂಡು ಹುಟ್ಟಿದ್ದು. ಮೊದಲು ಜನ ಅದನ್ನು ಟರ್ಮಿನಸ್ ಎಂದರು. 1843ರಲ್ಲಿ ಅದು ಮಾರ್ಥಾಸ್‌ವಿಲ್ ಆಯಿತು. 1845ರ ಹೊತ್ತಿಗೆ ಅಟ್ಲಾಂಟಾ ಆಯಿತು. 1847ರಲ್ಲಿ ನಗರದ ಸ್ಥಾನ ಪಡೆಯಿತು. ಶಾಸನ, ತಾಳೆಗರಿ ಯಾವುದೂ ಇಲ್ಲ. ಇರುವುದೆಲ್ಲ ಕಚೇರಿ ಕಾಗದ, ಪತ್ರಿಕೆ, ನಕ್ಷೆ, ಗೋರಿಗಲ್ಲು. ಹಾಗಾಗಿ ಒಂದು ನಗರದ ದಾಖಲೆಗಳು ಹೇಗೆ ಹುಟ್ಟುತ್ತವೆ, ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಯಾರನ್ನು ಹೊರಗಿಡುತ್ತವೆ ಎಂಬುದನ್ನು ಅಲ್ಲಿ ಬುಡದಿಂದ ತುದಿಯವರೆಗೆ ನೋಡಬಹುದು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಚರಿತ್ರೆ ಸಿಗದಿದ್ದಾಗ ನಾವು ಬೆಂಕಿಯನ್ನೋ ಗೆದ್ದಲನ್ನೋ ದೂರುತ್ತೇವೆ. ಅಟ್ಲಾಂಟಾದಲ್ಲಿ ಬೆಂಕಿ ನುಂಗಿದ ಕಾಗದಕ್ಕಿಂತ, ಬರೆಯುವಾಗಲೇ ಬಿಟ್ಟುಹೋದ ಹೆಸರುಗಳು ಹೆಚ್ಚು. ಆ ಹೆಸರುಗಳನ್ನು ಮತ್ತೆ ಹುಡುಕಲು ನೆರವಾಗುವುದೂ ಬಹುಪಾಲು ಅವರನ್ನು ಹೊರಗಿಟ್ಟ ಕಾಗದಗಳೇ.

1. ಬೆಂಕಿಯ ಸ್ಥಳಪುರಾಣ

ಎಲ್ಲ ಊರಿಗೂ ಒಂದು ಸ್ಥಳಪುರಾಣ ಇರುತ್ತದೆ. ಅಟ್ಲಾಂಟಾದ ಸ್ಥಳಪುರಾಣ ಬೆಂಕಿ. ನಗರದ ಮುದ್ರೆಯಲ್ಲಿ ಉರಿಯಿಂದ ಮೇಲೇಳುವ ಫೀನಿಕ್ಸ್ ಹಕ್ಕಿ ಇದೆ. ಪಕ್ಕದಲ್ಲಿ 1847 ಮತ್ತು 1865 ಎಂಬ ಎರಡು ಇಸವಿಗಳಿವೆ. ಅಂತರ್ಯುದ್ಧದಲ್ಲಿ ಉತ್ತರದ ಸೇನಾಪತಿ ವಿಲಿಯಂ ಷರ್ಮನ್ 1864ರಲ್ಲಿ ಊರನ್ನು ಸುಟ್ಟ, ಊರು ಬೂದಿಯಿಂದ ಎದ್ದಿತು ಎಂಬುದು ಕಥೆ. ಹಳೆಯ ದಾಖಲೆ ಕೇಳಿದರೆ "ಷರ್ಮನ್ ಸುಟ್ಟ" ಎಂಬ ಉತ್ತರ ದಕ್ಷಿಣದ ಊರುಗಳಲ್ಲಿ ತಮಾಷೆಯ ಮಾತಾಗುವಷ್ಟು ಹಳತು.

ಸಂಶೋಧಕ ಮಾಡಬೇಕಾದ ಮೊದಲ ಕೆಲಸ ಈ ಬೆಂಕಿಯನ್ನು ಬಿಡಿಸಿ ನೋಡುವುದು. ಆಗ ಒಂದು ಬೆಂಕಿಯ ಜಾಗದಲ್ಲಿ ಹಲವು ಕಾಣುತ್ತವೆ. 1864ರ ಬೇಸಿಗೆಯಲ್ಲಿ ವಾರಗಟ್ಟಲೆ ಬಿದ್ದ ಫಿರಂಗಿ ಗುಂಡು ಒಂದು. ಸೆಪ್ಟೆಂಬರ್ 1ರ ರಾತ್ರಿ ಊರು ಬಿಟ್ಟುಹೋಗುವಾಗ ದಕ್ಷಿಣದ ಸೇನಾಪತಿ ಜಾನ್ ಹುಡ್‌ನ ಸೈನ್ಯವೇ ತನ್ನ ಮದ್ದುಗುಂಡಿನ ರೈಲಿಗೆ ಹಚ್ಚಿದ ಕಿಚ್ಚು ಇನ್ನೊಂದು. ನವೆಂಬರ್ ಮಧ್ಯದಲ್ಲಿ, ಸಮುದ್ರದ ಕಡೆಗೆ ಹೊರಡುವ ಮುಂಚೆ, ಷರ್ಮನ್‌ನ ಸೈನ್ಯ ರೈಲ್ವೆ ಕಟ್ಟಡ, ಗೋದಾಮು, ಕಾರ್ಖಾನೆಗಳನ್ನು ನಾಶಮಾಡುವಾಗ ಅಕ್ಕಪಕ್ಕದ ಬೀದಿಗಳಿಗೆ ಹಬ್ಬಿದ ಬೆಂಕಿ ಮತ್ತೊಂದು. 'ಗಾನ್ ವಿತ್ ದ ವಿಂಡ್' ಚಿತ್ರದಲ್ಲಿ ಉರಿಯುವುದು ಎರಡನೆಯದು. ನೋಡಿದವರು ಅದನ್ನು ಮೂರನೆಯದೆಂದು ನೆನಪಿಟ್ಟುಕೊಂಡಿದ್ದಾರೆ.

ಇನ್ನು ಕಾಗದದ ಮಾತು. ನಗರಸಭೆ ಮತ್ತು ಕೌಂಟಿ ನ್ಯಾಯಾಲಯ ಎರಡೂ ಇದ್ದ ಕಟ್ಟಡವನ್ನು ಷರ್ಮನ್‌ನ ಸೈನ್ಯ ಸುಡಲಿಲ್ಲ. ಕ್ಯಾಥೊಲಿಕ್ ಪಾದ್ರಿ ಥಾಮಸ್ ಓರೈಲಿ ಪಟ್ಟುಹಿಡಿದು ಕೇಳಿಕೊಂಡದ್ದರಿಂದ ಕೆಲವು ಚರ್ಚುಗಳೂ ಈ ಕಟ್ಟಡವೂ ಉಳಿದವು. ಶತ್ರು ಸೈನ್ಯ ಉಳಿಸಿದ ಆ ಕಟ್ಟಡವನ್ನು 1880ರ ದಶಕದಲ್ಲಿ ಊರಿನವರೇ ಕೆಡವಿ, ಅದೇ ಜಾಗದಲ್ಲಿ 1889ರಲ್ಲಿ ಇಂದಿನ ರಾಜ್ಯ ಶಾಸನಭವನವನ್ನು ಕಟ್ಟಿ ಮುಗಿಸಿದರು. ಅಟ್ಲಾಂಟಾ ಸೇರಿದ ಫುಲ್ಟನ್ ಕೌಂಟಿ 1853ರ ಕೊನೆಯಲ್ಲಿ ಹುಟ್ಟಿದ್ದು. ಅದರ ಕ್ರಯಪತ್ರದ ಪುಸ್ತಕಗಳು 1854ರಿಂದ ಸಿಗುತ್ತವೆ. ಅದಕ್ಕೂ ಹಿಂದಿನ ಕಾಗದ ಪಕ್ಕದ ಡಿಕಾಬ್ ಕೌಂಟಿಯದು. ಅಲ್ಲಿ ನಿಜವಾಗಿಯೂ ದೊಡ್ಡ ನಷ್ಟವಾಗಿದೆ. ಆದರೆ ಆ ನ್ಯಾಯಾಲಯಕ್ಕೆ ಬೆಂಕಿ ಬಿದ್ದದ್ದು 1842ರಲ್ಲಿ, ಷರ್ಮನ್ ಬರುವುದಕ್ಕೆ 22 ವರ್ಷ ಮೊದಲು.

ಈ ವಿವರ ಯಾಕೆ ಮುಖ್ಯವೆಂದರೆ, "ಸುಟ್ಟುಹೋಯಿತು" ಎಂಬ ಉತ್ತರ ಹುಡುಕಾಟವನ್ನೇ ನಿಲ್ಲಿಸಿಬಿಡುತ್ತದೆ. ಯಾವ ವರ್ಷ, ಯಾವ ಕಚೇರಿ, ಯಾವ ಪುಸ್ತಕ ಎಂದು ಕೇಳಿದೊಡನೆ ಸ್ಥಳಪುರಾಣ ಸಡಿಲಗೊಳ್ಳುತ್ತದೆ. ಬೆಂಕಿಯ ನೆಪದ ಹಿಂದೆ ತೆರೆಯದೆ ಬಿದ್ದಿರುವ ಪುಸ್ತಕಗಳು ಕಾಣತೊಡಗುತ್ತವೆ.

ಸ್ಥಳಪುರಾಣಕ್ಕೆ ಬಣ್ಣ ಬಳಿಯುವ ಕೆಲಸವೂ ನಡೆದಿದೆ, ಅಕ್ಷರಶಃ. ಅಟ್ಲಾಂಟಾ ಕದನವನ್ನು ತೋರಿಸುವ, 49 ಅಡಿ ಎತ್ತರದ, ಸುತ್ತಲೂ ಆವರಿಸುವ ಒಂದು ಬೃಹತ್ ಚಿತ್ರವಿದೆ. ಅದಕ್ಕೆ ಸೈಕ್ಲೊರಾಮಾ ಎನ್ನುತ್ತಾರೆ. 1886ರಲ್ಲಿ ಮಿಲ್ವಾಕಿಯಲ್ಲಿ ಜರ್ಮನ್ ಕಲಾವಿದರು ಉತ್ತರದ ಪ್ರೇಕ್ಷಕರಿಗಾಗಿ, ಉತ್ತರದ ಗೆಲುವೆಂದು ಬರೆದದ್ದು. 1892ರಲ್ಲಿ ಚಿತ್ರ ಅಟ್ಲಾಂಟಾಕ್ಕೆ ಬಂದಾಗ, ಅದರಲ್ಲಿ ಸೆರೆಸಿಕ್ಕ ದಕ್ಷಿಣದ ಸೈನಿಕರ ಸಮವಸ್ತ್ರದ ಬಣ್ಣ ಬದಲಿಸಿ, ಓಡಿಹೋಗುತ್ತಿರುವ ಉತ್ತರದವರನ್ನಾಗಿ ಮಾಡಲಾಯಿತು. ಸೋತ ಕದನವನ್ನು ಗೆದ್ದ ಕದನವಾಗಿ ತೋರಿಸಿ ಟಿಕೆಟ್ ಮಾರಿದರು. 2019ರಲ್ಲಿ ಅಟ್ಲಾಂಟಾ ಹಿಸ್ಟರಿ ಸೆಂಟರ್ ಆ ಚಿತ್ರವನ್ನು ದುರಸ್ತಿಮಾಡಿ ಮತ್ತೆ ತೆರೆದಾಗ ಕದನದ ಜೊತೆಗೆ ಚಿತ್ರಕ್ಕೆ ಏನೇನಾಯಿತು ಎಂಬುದನ್ನೂ ಹೇಳತೊಡಗಿತು. ಆಕರಕ್ಕೂ ಒಂದು ಚರಿತ್ರೆ ಇದೆ ಎಂದು ವಿದ್ಯಾರ್ಥಿಗೆ ಮನಗಾಣಿಸಲು ಇದಕ್ಕಿಂತ ದೊಡ್ಡ ಉದಾಹರಣೆ, ಅಳತೆಯಲ್ಲಿಯೂ, ಸಿಗುವುದು ಕಷ್ಟ.

2. ನೆಲದ ಕಾಗದ

ಇಂದು ಅಟ್ಲಾಂಟಾದಲ್ಲಿ ಮನೆ ಕೊಂಡರೆ ಕ್ರಯಪತ್ರದ ಚಕ್ಕುಬಂದಿಯಲ್ಲಿ ಒಂದು 'ಲ್ಯಾಂಡ್ ಲಾಟ್' ಸಂಖ್ಯೆ ಇರುತ್ತದೆ. ನಮ್ಮ ಸರ್ವೆ ನಂಬರಿನ ಹಾಗೆ ಎಂದುಕೊಳ್ಳಿ. ಆ ಸಂಖ್ಯೆಯ ಬೆನ್ನು ಹಿಡಿದು ಹಿಂದಕ್ಕೆ ಹೋದರೆ 1821ಕ್ಕೆ ಮುಟ್ಟುತ್ತೇವೆ. ಆ ವರ್ಷ ಇಂಡಿಯನ್ ಸ್ಪ್ರಿಂಗ್ಸ್ ಎಂಬಲ್ಲಿ ಆದ ಒಪ್ಪಂದದಲ್ಲಿ ಮಸ್ಕೋಗಿ ಕ್ರೀಕ್ ಜನರ ನೆಲ ಜಾರ್ಜಿಯಾದ ಕೈಸೇರಿತು. ರಾಜ್ಯ ಅದನ್ನು ತಲಾ 202.5 ಎಕರೆಯ ಚೌಕಗಳಾಗಿ ಅಳೆದು ಲಾಟರಿ ಎತ್ತಿ ಹಂಚಿತು. ಚೀಟಿ ಎತ್ತುವ ಹಕ್ಕು ಇದ್ದದ್ದು ಬಿಳಿಯ ಪ್ರಜೆಗಳಿಗೆ. ಅವರಲ್ಲಿ ವಿಧವೆಯರೂ ಅನಾಥ ಮಕ್ಕಳೂ ಸೇರಿದ್ದರು. ಎಷ್ಟೋ ಮಂದಿ ತಮಗೆ ಬಂದ ಚೌಕವನ್ನು ಕಣ್ಣಿಂದ ನೋಡದೆಯೇ ಮಾರಿದರು.

ಅಟ್ಲಾಂಟಾದ ಅಂಗಡಿ, ಬ್ಯಾಂಕು, ಗಗನಚುಂಬಿ ಎಲ್ಲವೂ ಈ ಲಾಟರಿ ಚೌಕಗಳ ಮೇಲೆ ನಿಂತಿವೆ. ಕ್ರೀಕ್ ಜನರ 'ಸ್ಟ್ಯಾಂಡಿಂಗ್ ಪೀಚ್‌ಟ್ರೀ' ಎಂಬ ಹಳ್ಳಿ ಚಾಟಹೂಚಿ ನದಿಯ ದಡದಲ್ಲಿತ್ತು. ಇಂದು ನಗರದ ಮುಖ್ಯ ಬೀದಿಗಿರುವ ಪೀಚ್‌ಟ್ರೀ ಎಂಬ ಹೆಸರಿನ ಮೂಲ ಅಲ್ಲಿದೆ. ಆದರೆ ಆ ಹಳ್ಳಿಯ ಒಂದು ಮನೆಯ ಚಕ್ಕುಬಂದಿಯೂ ಯಾವ ಪುಸ್ತಕದಲ್ಲೂ ಇಲ್ಲ. ಮಾಲೀಕತ್ವದ ಸರಪಳಿ ಶುರುವಾಗುವುದೇ ಕಸಿದುಕೊಂಡ ಮರುದಿನದಿಂದ. ನಗರದ ಅತಿ ಹಳೆಯ, ಅತಿ ಅಚ್ಚುಕಟ್ಟಾದ ಭೂದಾಖಲೆಯಲ್ಲಿ ಚೌಕಗಳ ಅಳತೆ ಇದೆ. ಅಳತೆಗೆ ಮುಂಚೆ ಅಲ್ಲಿ ಯಾರಿದ್ದರು ಎಂಬುದಕ್ಕೆ ಅದರಲ್ಲಿ ಅಂಕಣವಿಲ್ಲ.

3. ಗೋರಿಗಲ್ಲು ಓದಿದ ತಂತಿ ಹುಡುಗ

ಅಟ್ಲಾಂಟಾದ ಚರಿತ್ರೆ ಎಂದರೆ ಮೊದಲು ಬರುವ ಹೆಸರು ಫ್ರಾಂಕ್ಲಿನ್ ಗ್ಯಾರೆಟ್. 1906ರಲ್ಲಿ ಹುಟ್ಟಿ 2000ದವರೆಗೆ ಬದುಕಿದ ಈತ ವೆಸ್ಟರ್ನ್ ಯೂನಿಯನ್ ಕಂಪನಿಯಲ್ಲಿ ತಂತಿ ಹಂಚುವ ಹುಡುಗನಾಗಿ ಬೀದಿ ಬೀದಿ ಕಲಿತವರು. ಮುಂದೆ ಕೋಕಾ-ಕೋಲಾ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದರು. 1968ರಲ್ಲಿ ಅಟ್ಲಾಂಟಾ ಹಿಸ್ಟಾರಿಕಲ್ ಸೊಸೈಟಿಯ ಹೊಣೆ ಹೊತ್ತರು. ಇತಿಹಾಸದಲ್ಲಿ ಪದವಿ ಪಡೆದು ಬಂದವರಲ್ಲ. 1954ರಲ್ಲಿ ಬಂದ ಅವರ 'ಅಟ್ಲಾಂಟಾ ಅಂಡ್ ಎನ್ವಿರಾನ್ಸ್' ಎರಡು ದಪ್ಪ ಸಂಪುಟಗಳು ಇಂದಿಗೂ ಸಂಶೋಧಕರ ಮೇಜಿನಿಂದ ಇಳಿದಿಲ್ಲ. ವರ್ಷವಾರು ಜೋಡಿಸಿದ ಆ ಪುಸ್ತಕದಲ್ಲಿ ಯಾವ ಬೀದಿಗೆ ಯಾವಾಗ ಕಲ್ಲು ಹಾಸಿದರು, ಯಾವ ಹೋಟೆಲು ಯಾವಾಗ ಸುಟ್ಟಿತು ಎಂಬುದೆಲ್ಲ ಸಿಗುತ್ತದೆ.

ಇದಕ್ಕಾಗಿ ಗ್ಯಾರೆಟ್ ಮಾಡಿದ ತಯಾರಿ ದೊಡ್ಡದು. 1930ರ ದಶಕದಲ್ಲಿ ರಜಾದಿನಗಳಲ್ಲಿ ಸುತ್ತಮುತ್ತಲ ಸ್ಮಶಾನಗಳಿಗೆ ಹೋಗಿ ಗೋರಿಗಲ್ಲುಗಳ ಬರಹವನ್ನು ಕೈಯಿಂದ ನಕಲು ಮಾಡಿಕೊಂಡರು. ಹಳೆಯ ಪತ್ರಿಕೆಗಳ ಮರಣವಾರ್ತೆ, ನ್ಯಾಯಾಲಯದ ಉಯಿಲುಗಳನ್ನು ಓದಿ ದೊಡ್ಡದೊಂದು ಮರಣಪಟ್ಟಿ ಕಟ್ಟಿದರು. ಅದನ್ನು ಇಂದು 'ಗ್ಯಾರೆಟ್ ನೆಕ್ರಾಲಜಿ' ಎನ್ನುತ್ತಾರೆ. ಎಷ್ಟೋ ಗೋರಿಗಲ್ಲುಗಳು ಆಮೇಲೆ ಸವೆದವು, ಎಷ್ಟೋ ಸ್ಮಶಾನಗಳ ಮೇಲೆ ರಸ್ತೆ ಬಂತು. ಗ್ಯಾರೆಟ್ ಅವರ ನಕಲೇ ಈಗ ಅಸಲು.

ಆದರೆ ಆ ಪಟ್ಟಿಯನ್ನು ತೆರೆದು ನೋಡಿದರೆ ಅದರಲ್ಲಿರುವವರು ಹೆಚ್ಚುಕಡಿಮೆ ಎಲ್ಲರೂ ವಯಸ್ಕ ಬಿಳಿಯ ಗಂಡಸರು. ಗ್ಯಾರೆಟ್ ಕಳ್ಳ ಲೆಕ್ಕ ಬರೆದವರಲ್ಲ, ಬಲು ಪ್ರಾಮಾಣಿಕರು. ಅವರ ಕಾಲದಲ್ಲಿ ಊರಿನ ಚರಿತ್ರೆ ಎಂದರೆ ಆಸ್ತಿ ಮಾಡಿದವರ, ಪದವಿ ಹಿಡಿದವರ ಚರಿತ್ರೆ. ಅದನ್ನು ಅವರು ಇದ್ದಂತೆ ಒಪ್ಪಿಕೊಂಡರು. ಅವರ ಶ್ರಮಕ್ಕೆ ಕೈಮುಗಿದು, ಅವರು ನಿಂತಲ್ಲಿಂದ ಮುಂದಕ್ಕೆ ನಡೆಯುವುದು ನಂತರದವರ ಪಾಲಿಗೆ ಬಂದ ಕೆಲಸ.

ನಡೆದವರು ಓಕ್‌ಲ್ಯಾಂಡ್ ಸ್ಮಶಾನದಲ್ಲಿಯೇ ಸಾಕಷ್ಟು ಕಂಡಿದ್ದಾರೆ. 1850ರಲ್ಲಿ 6 ಎಕರೆಯಲ್ಲಿ ತೊಡಗಿ ಈಗ 48 ಎಕರೆ ಆಗಿರುವ ಈ ಸ್ಮಶಾನದಲ್ಲಿ ಕಾದಂಬರಿಕಾರ್ತಿ ಮಾರ್ಗರೆಟ್ ಮಿಚೆಲ್ ಇದ್ದಾರೆ, ನಗರದ ಮೊದಲ ಕಪ್ಪು ಮೇಯರ್ ಮೇನಾರ್ಡ್ ಜಾಕ್ಸನ್ ಇದ್ದಾರೆ. ಯುದ್ಧಕ್ಕೆ ಮುಂಚೆ ಗುಲಾಮರನ್ನು ಹೂಳುತ್ತಿದ್ದ ಒಂದು ಮೂಲೆಯೂ ಅಲ್ಲಿತ್ತು. 1877ರಲ್ಲಿ ನಗರಸಭೆ ಆ ಶವಗಳನ್ನು ಅಗೆದು ತೆಗೆಸಿ ಬೇರೆ ಕಡೆ ಹೂಳಿಸಿತು. ತೆರವಾದ ಜಾಗವನ್ನು ಬಿಳಿಯ ಕುಟುಂಬಗಳಿಗೆ ಮಾರಿತು. ಕಪ್ಪು ಜನರ ಭಾಗದಲ್ಲಿ ಹಲವರಿಗೆ ಕಲ್ಲು ನಿಲ್ಲಿಸುವ ಶಕ್ತಿಯಿರಲಿಲ್ಲ, ನೆಟ್ಟ ಮರದ ಗುರುತುಗಳು ಕರಗಿಹೋದವು. ಈಚೆಗೆ ನೆಲದೊಳಕ್ಕೆ ರೇಡಾರ್ ಅಲೆ ಬಿಟ್ಟು ಪರೀಕ್ಷಿಸಿದಾಗ ಗುರುತಿಲ್ಲದ 800ಕ್ಕೂ ಹೆಚ್ಚು ಸಮಾಧಿಗಳು ಪತ್ತೆಯಾದವು. ಗೋರಿಗಲ್ಲಿನ ಬರಹವನ್ನಷ್ಟೇ ನಂಬಿದ್ದರೆ ಇವರು ಯಾರೂ ಸತ್ತಿರಲೇ ಇಲ್ಲ, ಬದುಕಿಯೂ ಇರಲಿಲ್ಲ.

4. ಹೆಸರಿಲ್ಲದವರ ಹೆಸರು

1860ರ ಜನಗಣತಿಯಲ್ಲಿ ಅಟ್ಲಾಂಟಾದ ಜನಸಂಖ್ಯೆ 9,554. ಅವರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಗುಲಾಮರು. 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆಂದೇ ಬೇರೆ ಹಾಳೆ ಇತ್ತು. ಅದರಲ್ಲಿ ಮಾಲೀಕನ ಹೆಸರು, ಅದರ ಕೆಳಗೆ ಒಬ್ಬೊಬ್ಬರ ವಯಸ್ಸು, ಲಿಂಗ, ಮೈಬಣ್ಣ. ಹೆಸರಿಲ್ಲ. ಹಿಂದೆ ಗುಲಾಮರಾಗಿದ್ದವರೆಲ್ಲರೂ ಹೆಸರು ಹೊತ್ತು ಗಣತಿಗೆ ಬಂದದ್ದು 1870ರಲ್ಲಿ. ಆಫ್ರಿಕನ್ ಅಮೆರಿಕನ್ ಕುಟುಂಬಗಳ ಚರಿತ್ರೆ ಹುಡುಕುವವರು ಇದನ್ನು 1870ರ ಗೋಡೆ ಎನ್ನುತ್ತಾರೆ.

ಗೋಡೆ ದಾಟಲು ಒಂದು ಕಿಂಡಿ ಸಿಕ್ಕಿದ್ದು ಮುಳುಗಿದ ಬ್ಯಾಂಕೊಂದರ ಪುಸ್ತಕಗಳಲ್ಲಿ. ಬಿಡುಗಡೆಯಾದ ಗುಲಾಮರ ಉಳಿತಾಯಕ್ಕೆಂದು 1865ರಲ್ಲಿ ಫ್ರೀಡ್‌ಮನ್ಸ್ ಬ್ಯಾಂಕ್ ಶುರುವಾಯಿತು. 1870ರಲ್ಲಿ ಅಟ್ಲಾಂಟಾದಲ್ಲಿ ಅದರ ಶಾಖೆ ತೆರೆಯಿತು. 1874ರಲ್ಲಿ ಬ್ಯಾಂಕೇ ಮುಚ್ಚಿಹೋಗಿ ಬಡವರ ದುಡ್ಡು ನೀರುಪಾಲಾಯಿತು. ಆದರೆ ಖಾತೆ ತೆರೆಯುವಾಗ ಗುರುತು ಹಿಡಿಯಲೆಂದು ಗುಮಾಸ್ತ ಕೇಳಿ ಬರೆದುಕೊಂಡ ವಿವರಗಳು ಉಳಿದವು: ಹುಟ್ಟಿದ ಊರು, ಮಾಡುವ ಕೆಲಸ, ತಂದೆತಾಯಿ, ಗಂಡ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು, ಕೆಲವೆಡೆ ಹಿಂದಿನ ಮಾಲೀಕನ ಹೆಸರೂ ಉಂಟು. ಮಾರಾಟದಲ್ಲಿ ಚದುರಿಹೋದ ಕುಟುಂಬಗಳ ಗುರುತು ಒಂದು ಬ್ಯಾಂಕ್ ರಿಜಿಸ್ಟರಿನಲ್ಲಿ ಕೂಡಿಕೊಂಡಿದೆ. ಆ ಗುಮಾಸ್ತನಿಗೆ ಚರಿತ್ರೆ ಬರೆಯುವ ಉದ್ದೇಶ ಇರಲಿಲ್ಲ. ಸಹಿ ಮಾಡಲು ಬಾರದ ಗಿರಾಕಿ ಮತ್ತೆ ಬಂದಾಗ ಇವನೇ ಅವನು ಎಂದು ತಿಳಿಯಬೇಕಿತ್ತು, ಅಷ್ಟೆ.

ಇಂಥ ಕಸುಬಿನ ಕಾಗದಗಳು ಇನ್ನೂ ಎರಡು ಇವೆ. ಒಂದು, ನಗರ ಡೈರೆಕ್ಟರಿ. ಅಟ್ಲಾಂಟಾದ ಮೊದಲ ಡೈರೆಕ್ಟರಿ 1859ರದು. ಯಾರು, ಯಾವ ಕೆಲಸ, ಯಾವ ಬೀದಿ ಎಂಬುದನ್ನು ವ್ಯಾಪಾರಿಗಳ ಅನುಕೂಲಕ್ಕೆ ಅಚ್ಚು ಹಾಕಿದ ಪುಸ್ತಕ. ಯುದ್ಧದ ನಂತರದ ಪುಸ್ತಕಗಳಲ್ಲಿ ಕಪ್ಪು ಜನರ ಹೆಸರಿಗೆ ಒಂದು ಗುರುತು ಹಾಕುತ್ತಿದ್ದರು. ಅವಮಾನಕ್ಕೆ ಹಾಕಿದ ಆ ಗುರುತನ್ನೇ ಹಿಡಿದು ವರ್ಷ ವರ್ಷದ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟರೆ ಯಾವ ಬೀದಿಯಲ್ಲಿ ಯಾರು ಯಾವಾಗ ಅಂಗಡಿ ಹಾಕಿದರು, ಯಾವಾಗ ಎದ್ದುಹೋದರು ಎಂಬುದೆಲ್ಲ ತಿಳಿಯುತ್ತದೆ. ಎಚ್ಚರ ಬೇಕಾದ ಸಂಗತಿ ಒಂದಿದೆ: 1920ರ ದಶಕದಲ್ಲಿ ನಗರ ಮನೆ ನಂಬರುಗಳನ್ನೆಲ್ಲ ಬದಲಿಸಿತು. ಹಳೆಯ ನಂಬರನ್ನು ಹೊಸ ಬೀದಿಯಲ್ಲಿ ಹುಡುಕಿದರೆ ಬೇರೆಯವರ ಮನೆಯ ಮುಂದೆ ನಿಲ್ಲುತ್ತೇವೆ.

ಇನ್ನೊಂದು, ಸ್ಯಾನ್‌ಬಾರ್ನ್ ಕಂಪನಿಯ ಬೆಂಕಿ ವಿಮೆ ನಕ್ಷೆಗಳು. ಯಾವ ಕಟ್ಟಡಕ್ಕೆ ಬೆಂಕಿಯ ಅಪಾಯ ಎಷ್ಟು ಎಂದು ವಿಮಾ ಕಂಪನಿಗೆ ತಿಳಿಸಲು ಬರೆದವು. 50 ಅಡಿಗೆ ಒಂದು ಇಂಚಿನ ಅಳತೆ. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ, ಕಲ್ಲಿನದಕ್ಕೆ ನೀಲಿ ಬಣ್ಣ. ಬೀದಿಯ ಮುಂಭಾಗ ಗುಲಾಬಿ, ಹಿಂದಿನ ಓಣಿ ಪೂರ್ತಿ ಹಳದಿ ಎಂದು ಕಂಡರೆ ಯಾರು ಎಲ್ಲಿದ್ದರು ಎಂಬುದನ್ನು ಮುಕ್ಕಾಲು ಪಾಲು ಊಹಿಸಬಹುದು. ಕಪ್ಪು ಜನರ ಬಾಡಿಗೆ ಮನೆ ಎಂದು ನಕ್ಷೆಯೇ ಬರೆದಿರುವುದೂ ಉಂಟು. 1917ರ ಮೇ 21ರಂದು ಅಟ್ಲಾಂಟಾದಲ್ಲಿ ಇನ್ನೊಂದು ಮಹಾ ಬೆಂಕಿ ಎದ್ದಿತು. ಸುಮಾರು 300 ಎಕರೆ ಸುಟ್ಟು 10,000 ಜನ ಬೀದಿಪಾಲಾದರು. ಆ ಹಿಂದಿನ ಬೀದಿಗಳು ಹೇಗಿದ್ದವು ಎಂದು ಮನೆ ಮನೆಯಾಗಿ ನೋಡಬೇಕಾದರೆ 1911ರ ವಿಮೆ ನಕ್ಷೆಯನ್ನು ಬಿಟ್ಟರೆ ಹೆಚ್ಚಿನ ದಾರಿಗಳಿಲ್ಲ. ನಗರದ ಮುದ್ರೆಯ ಮೇಲಿನ ಬೆಂಕಿ ಮಾತ್ರ ಇಂದಿಗೂ 1864ರದೇ.

5. ಹಗೆಯ ಪತ್ರಿಕೆಯನ್ನು ಓದುವುದು

ಪತ್ರಿಕೆಗಳ ವಿಷಯಕ್ಕೆ ಬಂದಾಗ ಎರಡು ಘಟನೆಗಳನ್ನು ಹೇಳುತ್ತೇನೆ. ಒಂದರಲ್ಲಿ ಪತ್ರಿಕೆ ಗೇಲಿ ಮಾಡಿತು, ಇನ್ನೊಂದರಲ್ಲಿ ಕೊಲ್ಲಿಸಿತು. ಎರಡೂ ಚರಿತ್ರೆಗೆ ಆಕರ.

1881ರ ಜುಲೈ. ಅಟ್ಲಾಂಟಾದ ಅಗಸಗಿತ್ತಿಯರು ಮುಷ್ಕರ ಹೂಡಿದರು. ಇವರು ಹಿಂದೆ ಗುಲಾಮರಾಗಿದ್ದವರು, ಇಲ್ಲವೇ ಗುಲಾಮರ ಮಕ್ಕಳು. ಬಿಳಿಯರ ಬಟ್ಟೆಯ ಗಂಟನ್ನು ಮನೆಗೆ ತಂದು, ಹಂಡೆಯಲ್ಲಿ ಬೇಯಿಸಿ, ಒಗೆದು, ಇಸ್ತ್ರಿಮಾಡಿ ಹಿಂದಿರುಗಿಸುತ್ತಿದ್ದವರು. ಚರ್ಚೊಂದರಲ್ಲಿ ಸೇರಿದ ಸುಮಾರು 20 ಹೆಂಗಸರಿಂದ ಶುರುವಾದ ಸಂಘ ಮೂರು ವಾರದಲ್ಲಿ 3,000ಕ್ಕೆ ಏರಿತು. 12 ಪೌಂಡ್ ಬಟ್ಟೆಗೆ ಒಂದು ಡಾಲರ್ ಕೂಲಿ ಎಂಬುದು ಬೇಡಿಕೆ. ಪೊಲೀಸರು ಮುಂದಾಳುಗಳನ್ನು ಹಿಡಿದರು. ಸಂಘ ಸೇರಿದವರ ಮೇಲೆ ವರ್ಷಕ್ಕೆ 25 ಡಾಲರ್ ಪರವಾನಗಿ ಶುಲ್ಕ ಹಾಕುವ ಮಾತು ನಗರಸಭೆಯಲ್ಲಿ ಬಂತು. ಶುಲ್ಕವನ್ನೂ ಕಟ್ಟುತ್ತೇವೆ, ಆದರೆ ದರ ನಾವೇ ನಿಗದಿ ಮಾಡುತ್ತೇವೆ ಎಂಬ ಅರ್ಥದ ಪತ್ರವನ್ನು ಆ ಹೆಂಗಸರು ಮೇಯರ್ ಜೇಮ್ಸ್ ಇಂಗ್ಲಿಷ್‌ಗೆ ಕಳಿಸಿದರು.

ಇದೆಲ್ಲ ನಮಗೆ ತಿಳಿದದ್ದು ಬಹುತೇಕ 'ಅಟ್ಲಾಂಟಾ ಕಾನ್ಸ್ಟಿಟ್ಯೂಷನ್' ಪತ್ರಿಕೆಯಿಂದ. ಅದು ಈ ಹೆಂಗಸರನ್ನು ಹಾಸ್ಯ ಮಾಡುವ ಧಾಟಿಯಲ್ಲೇ ಬರೆಯಿತು. ಆದರೆ ಹಾಸ್ಯ ಮಾಡಬೇಕಾದರೂ ಎಷ್ಟು ಜನ, ಯಾವ ಚರ್ಚು, ಏನು ದರ ಎಂದು ಹೇಳಲೇಬೇಕಾಯಿತು. ಇತಿಹಾಸಕಾರ್ತಿ ಟೆರಾ ಹಂಟರ್ 1997ರ ತಮ್ಮ ಪುಸ್ತಕದಲ್ಲಿ ಆ ವರದಿಗಳನ್ನು ಧಾಟಿಯಿಂದ ಬಿಡಿಸಿ, ಗಣತಿ, ಡೈರೆಕ್ಟರಿಗಳ ಜೊತೆಯಿಟ್ಟು ಓದಿ, ದುಡಿಯುವ ಹೆಂಗಸರ ನಗರವೊಂದನ್ನು ಕಣ್ಣೆದುರು ನಿಲ್ಲಿಸಿದರು. ಗ್ಯಾರೆಟ್ ಅವರ ಮರಣಪಟ್ಟಿಯಲ್ಲಿ ಹುಡುಕಿದರೆ ಸಿಗದ ನಗರ ಇದು.

ಮೇಯರ್ ಇಂಗ್ಲಿಷ್ ಅವರ ಇನ್ನೊಂದು ಜಾಡೂ ಹೀಗೆಯೇ ಸಿಕ್ಕಿದ್ದು. ಅವರ ಒಡೆತನದ ಚಾಟಹೂಚಿ ಬ್ರಿಕ್ ಕಂಪನಿ ಸರ್ಕಾರದಿಂದ ಕೈದಿಗಳನ್ನು ಬಾಡಿಗೆಗೆ ಪಡೆದು ಇಟ್ಟಿಗೆ ಮಾಡಿಸುತ್ತಿತ್ತು. ಆ ಕೈದಿಗಳಲ್ಲಿ ಹೆಚ್ಚಿನವರು ಸಣ್ಣಪುಟ್ಟ ಆರೋಪಗಳ ಮೇಲೆ ಸಿಕ್ಕಿಬಿದ್ದ ಕಪ್ಪು ಗಂಡಸರು. 1908ರಲ್ಲಿ ಜಾರ್ಜಿಯಾ ಶಾಸನಸಭೆ ವಿಚಾರಣೆ ನಡೆಸಿ ಈ ಬಾಡಿಗೆ ಪದ್ಧತಿಯನ್ನು ರದ್ದು ಮಾಡಿತು. ಆ ವಿಚಾರಣೆಯ ಸಾಕ್ಷಿಹೇಳಿಕೆಗಳೇ ಮುಂದೆ ಪತ್ರಕರ್ತ ಡಗ್ಲಸ್ ಬ್ಲಾಕ್‌ಮನ್ ಅವರ 2008ರ ಪುಸ್ತಕಕ್ಕೆ ಆಧಾರಗಳಲ್ಲಿ ಒಂದಾದವು. ಅಟ್ಲಾಂಟಾದ ಹಳೆಯ ಇಟ್ಟಿಗೆ ಬೀದಿಗಳ ಅಂದವನ್ನು ಹೊಗಳುವ ಮುಂಚೆ ಇಟ್ಟಿಗೆ ಎಲ್ಲಿ ಬೆಂದಿತು ಎಂದು ಕೇಳುವವನೇ ಊರಿನ ಚರಿತ್ರೆಕಾರ.

ಎರಡನೆಯ ಘಟನೆ 1906ರದು. ಆ ವರ್ಷ ರಾಜ್ಯಪಾಲರ ಹುದ್ದೆಗೆ ಇಬ್ಬರು ಪೈಪೋಟಿಗಿಳಿದಿದ್ದರು. ಒಬ್ಬರು 'ಜರ್ನಲ್' ಪತ್ರಿಕೆಯ ಹಿಂದಿನ ಒಡೆಯ ಹೋಕ್ ಸ್ಮಿತ್, ಇನ್ನೊಬ್ಬರು 'ಕಾನ್ಸ್ಟಿಟ್ಯೂಷನ್' ಸಂಪಾದಕ ಕ್ಲಾರ್ಕ್ ಹೋವೆಲ್. ಕಪ್ಪು ಜನರ ಮತದ ಹಕ್ಕನ್ನು ಕಿತ್ತುಕೊಳ್ಳುವುದರಲ್ಲಿ ಯಾರು ಗಟ್ಟಿ ಎಂಬುದೇ ಚುನಾವಣೆಯ ವಿಷಯವಾಯಿತು. ಸೆಪ್ಟೆಂಬರ್ 22ರ ಶನಿವಾರ ಸಂಜೆ ಪತ್ರಿಕೆಗಳು ಕಪ್ಪು ಗಂಡಸರು ಬಿಳಿಯ ಹೆಂಗಸರ ಮೇಲೆ ಕೈಮಾಡಿದರೆಂಬ, ರುಜುವಾತಿಲ್ಲದ ಸುದ್ದಿಗಳನ್ನು ವಿಶೇಷ ಸಂಚಿಕೆಗಳ ಮೇಲೆ ಸಂಚಿಕೆ ಹೊರಡಿಸಿ ಮಾರಿದವು. ಸಾವಿರಾರು ಜನರ ಗುಂಪು ಬೀದಿಗಿಳಿಯಿತು. ಕನಿಷ್ಠ 25 ಕಪ್ಪು ಜನ ಸತ್ತರೆಂಬುದು ಈಗ ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಬೇರೆ ಅಂದಾಜುಗಳು ಅದಕ್ಕಿಂತ ಬಹಳ ಮೇಲಿವೆ. ಆಗ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಡಬ್ಲ್ಯು. ಇ. ಬಿ. ಡುಬಾಯ್ಸ್ ಊರ ಹೊರಗಿದ್ದವರು ಓಡೋಡಿ ಬಂದರು.

ಬಹುಕಾಲ ಈ ಘಟನೆ ನಗರದ ಅಧಿಕೃತ ನೆನಪಿನಲ್ಲಿ ಇರಲಿಲ್ಲ. ನೂರು ವರ್ಷ ತುಂಬಿದ 2006ರಲ್ಲಿ ಊರು ಅದನ್ನು ಬಹಿರಂಗವಾಗಿ ನೆನೆಯಿತು. ಆದರೆ ಘಟನೆಯ ಗುರುತು ಡೈರೆಕ್ಟರಿಗಳಲ್ಲಿ ಮೊದಲಿಂದಲೂ ಇತ್ತು. ಆ ಬಳಿಕದ ವರ್ಷಗಳ ಪುಸ್ತಕಗಳಲ್ಲಿ ಕಪ್ಪು ಜನರ ಅಂಗಡಿಗಳು ನಗರದ ನಡುಬೀದಿಗಳಿಂದ ಕಾಣೆಯಾಗುತ್ತ, ಪೂರ್ವದ ಆಬರ್ನ್ ಅವೆನ್ಯೂದಲ್ಲಿ ಒತ್ತಾಗುತ್ತ ಹೋಗುತ್ತವೆ. ಗುಲಾಮನಾಗಿ ಹುಟ್ಟಿ ಕ್ಷೌರಿಕನಾಗಿ ಹಣ ಗಳಿಸಿದ ಅಲಾಂಜೊ ಹರ್ನ್‌ಡನ್ 1905ರಲ್ಲಿ ಸ್ಥಾಪಿಸಿದ ಅಟ್ಲಾಂಟಾ ಲೈಫ್ ವಿಮಾ ಕಂಪನಿ ಬೆಳೆದದ್ದು ಆ ಬೀದಿಯಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದೂ ಅಲ್ಲೇ. 1956ರಲ್ಲಿ 'ಫಾರ್ಚೂನ್' ಪತ್ರಿಕೆ ಅದನ್ನು ಜಗತ್ತಿನ ಅತಿ ಶ್ರೀಮಂತ ಕಪ್ಪು ಬೀದಿ ಎಂದು ಕರೆಯಿತು. ಆ ಸಿರಿಯನ್ನು ಹೊಗಳುವವರು ಅಷ್ಟೊಂದು ಅಂಗಡಿಗಳು ಒಂದೇ ಬೀದಿಯಲ್ಲಿ ಯಾಕೆ ಕೂಡಿದವು ಎಂದು ಕೇಳಿದರೆ 1906ರ ಬಾಗಿಲಿಗೆ ಬರುತ್ತಾರೆ.

6. ಬೀದಿಯೇ ದಾಖಲೆ

ಪತ್ರಾಗಾರದ ಹೊರಗೂ ಓದಬೇಕಾದದ್ದಿದೆ. ಅಟ್ಲಾಂಟಾದಲ್ಲಿ ಒಂದೇ ರಸ್ತೆ ಪಾನ್ಸ್ ಡಿ ಲಿಯಾನ್ ಅವೆನ್ಯೂ ದಾಟಿದೊಡನೆ ಹೆಸರು ಬದಲಿಸುತ್ತದೆ. ದಕ್ಷಿಣಕ್ಕೆ ಮೋರ್‌ಲ್ಯಾಂಡ್, ಉತ್ತರಕ್ಕೆ ಬ್ರಯರ್‌ಕ್ಲಿಫ್. ದಕ್ಷಿಣಕ್ಕೆ ಬುಲೆವಾರ್ಡ್, ಉತ್ತರಕ್ಕೆ ಮನ್ರೊ. ಹೊಸಬರು ಇದನ್ನು ಗೊಂದಲ ಎಂದುಕೊಳ್ಳುತ್ತಾರೆ. ಬಿಳಿಯರ ವಿಳಾಸ ಕಪ್ಪು ಜನರ ವಿಳಾಸಕ್ಕಿಂತ ಬೇರೆಯಾಗಿರಬೇಕೆಂಬ ಹಟದ ಗುರುತು ಅದು. ಬಣ್ಣದ ಪ್ರಕಾರ ಬಡಾವಣೆ ಬೇರ್ಪಡಿಸುವ ಕಾನೂನನ್ನು ನಗರ 1913ರಲ್ಲಿ ಒಮ್ಮೆ, 1922ರಲ್ಲಿ ಇನ್ನೊಮ್ಮೆ ಮಾಡಿತು. ನ್ಯಾಯಾಲಯಗಳಲ್ಲಿ ಅವು ನಿಲ್ಲಲಿಲ್ಲ. ಕಾನೂನು ಬಿದ್ದರೂ ರಸ್ತೆಯ ಹೆಸರು ನಿಂತಿತು. 1962ರ ಡಿಸೆಂಬರಿನಲ್ಲಿ ನಗರಸಭೆ ಪೇಟನ್ ರಸ್ತೆಗೆ ಅಡ್ಡಲಾಗಿ ತಡೆಗೋಡೆಯನ್ನೇ ಹಾಕಿತು, ಕಪ್ಪು ಕುಟುಂಬಗಳು ಆಚೆ ಮನೆ ಕೊಳ್ಳದಿರಲಿ ಎಂದು. ಜನ ಅದನ್ನು ಅಟ್ಲಾಂಟಾದ ಬರ್ಲಿನ್ ಗೋಡೆ ಎಂದರು. ನ್ಯಾಯಾಲಯದ ತೀರ್ಪಿನಿಂದ 1963ರ ಮಾರ್ಚಿನಲ್ಲಿ ಅದು ಉರುಳಿತು.

ಇಡೀ ಬಡಾವಣೆಗಳು ಹೋದದ್ದೂ ಇದೇ ಕಾಲದಲ್ಲಿ, ಒಂದು ಗುಂಡೂ ಹಾರದೆ. ಹೆದ್ದಾರಿ ಆಬರ್ನ್ ಅವೆನ್ಯೂವನ್ನು ಸೀಳಿತು. 1965ರ ಕ್ರೀಡಾಂಗಣಕ್ಕಾಗಿ ಸಮ್ಮರ್‌ಹಿಲ್ ಸುತ್ತಲ ಮನೆಗಳು ಹೋದವು. ಬಟರ್‌ಮಿಲ್ಕ್ ಬಾಟಮ್ ಎಂಬ ಕೇರಿ ಇದ್ದಲ್ಲಿ ಸಿವಿಕ್ ಸೆಂಟರ್ ಬಂತು. ಷರ್ಮನ್‌ನ ಬೆಂಕಿಗೆ ಮುದ್ರೆ ಇದೆ, ಸಿನಿಮಾ ಇದೆ. ಬುಲ್ಡೋಜರಿಗೆ ಇರುವುದು ಟೆಂಡರ್ ಕಾಗದ, ಪರಿಹಾರದ ರಸೀತಿ, ಕೆಡವುವ ಮುಂಚೆ ನಗರಸಭೆಯವರು ತೆಗೆದ ಮನೆಗಳ ಫೋಟೊ. ಊರಿನ ಚರಿತ್ರೆ ಬರೆಯುವವರು ಈ ಎರಡನೆಯ ಕಟ್ಟನ್ನು ಬಿಚ್ಚಬೇಕು.

7. ಪತ್ರಾಗಾರದ ಬಾಗಿಲು

ದಾಖಲೆ ಇದ್ದರೆ ಸಾಲದು. ಅದನ್ನು ನೋಡಲು ಒಳಗೆ ಬಿಡಬೇಕು. 1902ರಲ್ಲಿ ಅಟ್ಲಾಂಟಾದ ಕಾರ್ನೆಗಿ ಗ್ರಂಥಾಲಯ ತೆರೆದಾಗ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಡುಬಾಯ್ಸ್ ಮತ್ತು ಸಂಗಡಿಗರು ಹೋಗಿ ಕೇಳಿದರು, ಸಿಗಲಿಲ್ಲ. 1921ರಲ್ಲಿ ಆಬರ್ನ್ ಅವೆನ್ಯೂದಲ್ಲಿ ಕಪ್ಪು ಜನರಿಗೆಂದು ಒಂದು ಶಾಖೆ ತೆರೆಯಿತು. ಅಲ್ಲಿ 1934ರಿಂದ ಆನಿ ಮೆಕ್‌ಫೀಟರ್ಸ್ ಎಂಬ ಗ್ರಂಥಪಾಲಕಿ ಕಪ್ಪು ಜನರ ಚರಿತ್ರೆಗೆ ಸಂಬಂಧಿಸಿದ ಪುಸ್ತಕಗಳನ್ನು ಕೂಡಿಸಲು ತೊಡಗಿದರು. ಸ್ಪೆಲ್ಮನ್ ಕಾಲೇಜಿನ ಫ್ರೆಂಚ್ ಪ್ರಾಧ್ಯಾಪಕಿ ಐರೀನ್ ಡಾಬ್ಸ್ ಜಾಕ್ಸನ್ ಮುಖ್ಯ ಗ್ರಂಥಾಲಯದ ಕಾರ್ಡು ಪಡೆದದ್ದು 1959ರಲ್ಲಿ. ಮುಂದೆ ಮೇಯರ್ ಆದ ಮೇನಾರ್ಡ್ ಜಾಕ್ಸನ್ ಅವರ ತಾಯಿ ಇವರು. ಮೆಕ್‌ಫೀಟರ್ಸ್ ಕೂಡಿಸಿದ ಪುಸ್ತಕಗಳು 1994ರಲ್ಲಿ ತೆರೆದ ಆಬರ್ನ್ ಅವೆನ್ಯೂ ಸಂಶೋಧನಾ ಗ್ರಂಥಾಲಯಕ್ಕೆ ಬೀಜವಾದವು. ಹೊರಗೆ ನಿಲ್ಲಿಸಲಾದವರು ತಮ್ಮದೇ ಪತ್ರಾಗಾರ ಕಟ್ಟಿಕೊಂಡರು. ಇಂದು ಎಲ್ಲ ಬಣ್ಣದ ಸಂಶೋಧಕರೂ ಅಲ್ಲಿ ಸಾಲಾಗಿ ಕೂರುತ್ತಾರೆ.

ಈ ಕಾಲದಲ್ಲಿ ಬಾಗಿಲು ಮುಚ್ಚುವುದು ಹಣದ ನೆಪದಲ್ಲಿ. 2012ರಲ್ಲಿ ಆಯವ್ಯಯ ಕಡಿತದಿಂದಾಗಿ ಜಾರ್ಜಿಯಾ ರಾಜ್ಯ ಪತ್ರಾಗಾರವನ್ನು ಸಾರ್ವಜನಿಕರಿಗೆ ಮುಚ್ಚಿ, ಮೊದಲೇ ಸಮಯ ಕೇಳಿಕೊಂಡು ಬರುವವರಿಗೆ ಮಾತ್ರ ತೆರೆಯುವುದಾಗಿ ಪ್ರಕಟವಾಯಿತು. ವಂಶಾವಳಿ ಹುಡುಕುವವರು, ಶಿಕ್ಷಕರು, ಹವ್ಯಾಸಿ ಚರಿತ್ರೆಕಾರರು ಗಲಾಟೆ ಎಬ್ಬಿಸಿದರು. 2013ರಲ್ಲಿ ಪತ್ರಾಗಾರವನ್ನು ರಾಜ್ಯದ ವಿಶ್ವವಿದ್ಯಾಲಯ ವ್ಯವಸ್ಥೆಯ ಅಡಿಗೆ ತಂದು ಉಳಿಸಲಾಯಿತು. ಉಳಿಸಿದವರಲ್ಲಿ ಹೆಚ್ಚಿನವರು ತಮ್ಮ ಅಜ್ಜಿಯ ಹೆಸರು ಹುಡುಕಲು ಬರುತ್ತಿದ್ದ ಸಾಮಾನ್ಯರು ಎಂಬುದು ನೆನಪಿನಲ್ಲಿರಲಿ.

8. ನಮ್ಮವರು ಕೊಂಡ ನೆಲ

ಕೊನೆಗೆ ನಮಗೆ ಸಂಬಂಧಪಟ್ಟ ಮಾತು. ಅಟ್ಲಾಂಟಾದಲ್ಲಿ ಕನ್ನಡಿಗರು ಹಲವು ದಶಕಗಳಿಂದ ನೆಲೆಸಿದ್ದಾರೆ. 2012ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ ಅಲ್ಲಿಯೇ ನಡೆಯಿತು. ಈ ಸಭೆಯಲ್ಲಿರುವ ಕೆಲವರ ಮಕ್ಕಳು, ಮೊಮ್ಮಕ್ಕಳು ಆ ನಗರದ ಉತ್ತರದ ಹೊರವಲಯದಲ್ಲಿದ್ದರೆ ಆಶ್ಚರ್ಯವಿಲ್ಲ. ಆ ಹೊರವಲಯದಲ್ಲಿ ಭಾರತೀಯರು ಇಂದು ದೊಡ್ಡ ಸಂಖ್ಯೆಯಲ್ಲಿರುವ ಒಂದು ಕೌಂಟಿ ಫಾರ್ಸೈತ್.

1910ರ ಜನಗಣತಿಯಲ್ಲಿ ಫಾರ್ಸೈತ್ ಕೌಂಟಿಯಲ್ಲಿ 1,098 ಕಪ್ಪು ಜನರಿದ್ದರು. 1912ರ ಶರತ್ಕಾಲದಲ್ಲಿ ಒಬ್ಬ ಬಿಳಿಯ ಯುವತಿಯ ಮೇಲೆ ನಡೆದ ಮಾರಣಾಂತಿಕ ಹಲ್ಲೆಯ ನಂತರ, ಬಂಧಿತನಾದ ಒಬ್ಬನನ್ನು ಗುಂಪು ಕೊಂದಿತು, ಇಬ್ಬರು ಹುಡುಗರನ್ನು ನ್ಯಾಯಾಲಯ ಗಲ್ಲಿಗೇರಿಸಿತು. ರಾತ್ರಿ ಸವಾರರ ಗುಂಪುಗಳು ಮನೆ, ಚರ್ಚುಗಳಿಗೆ ಬೆಂಕಿಯಿಟ್ಟು ಹೆಚ್ಚುಕಡಿಮೆ ಎಲ್ಲ ಕಪ್ಪು ಕುಟುಂಬಗಳನ್ನೂ ಓಡಿಸಿದವು. ಮುಂದಿನ ಹಲವು ದಶಕ ಆ ಕೌಂಟಿ ಬಿಳಿಯರದ್ದಾಗಿಯೇ ಉಳಿಯಿತು. 1987ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಹೋಸಿಯಾ ವಿಲಿಯಮ್ಸ್ ಮುಂದಾಳುತನದಲ್ಲಿ ಸುಮಾರು 20,000 ಜನ ಅಲ್ಲಿ ಮೆರವಣಿಗೆ ನಡೆಸುವವರೆಗೆ ಹೊರಗಿನವರಿಗೆ ಈ ಕಥೆ ಅಷ್ಟಾಗಿ ತಿಳಿದಿರಲಿಲ್ಲ.

ಓಡಿಹೋದವರಲ್ಲಿ ಜಮೀನು ಇದ್ದವರೂ ಇದ್ದರು. ಜಾರ್ಜಿಯಾದ ಕಂದಾಯ ಪಟ್ಟಿಗಳಲ್ಲಿ ಕಪ್ಪು ತೆರಿಗೆದಾರರನ್ನು ಬೇರೆಯಾಗಿ ಬರೆಯುತ್ತಿದ್ದರು. ಆ ಪಟ್ಟಿಯನ್ನೂ ಕ್ರಯಪತ್ರದ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದ ಸಂಶೋಧಕರಿಗೆ, ಕೆಲವು ಜಮೀನು ಅಗ್ಗಕ್ಕೆ ಮಾರಾಟವಾದದ್ದೂ, ಇನ್ನು ಕೆಲವು ಯಾವ ಕ್ರಯವೂ ಇಲ್ಲದೆ ಕೈಬದಲಾದದ್ದೂ ಕಂಡಿದೆ. ಬೇರ್ಪಡಿಸಿ ಅವಮಾನಿಸಲು ಮಾಡಿದ ಪಟ್ಟಿ ನೂರು ವರ್ಷದ ಮೇಲೆ ಕಳೆದುಕೊಂಡವರ ಪರವಾಗಿ ಸಾಕ್ಷಿ ಹೇಳುತ್ತಿದೆ.

ಅಲ್ಲಿ ಮನೆ ಕೊಂಡ ನಮ್ಮವರು 1912ರಲ್ಲಿ ಯಾವ ತಪ್ಪನ್ನೂ ಮಾಡಿದವರಲ್ಲ. ಆದರೆ ಒಂದು ಊರಿನಲ್ಲಿ ನೆಲೆಸುವುದೆಂದರೆ ಅದರ ಚರಿತ್ರೆಯ ಒಂದು ಕೊಂಡಿಯಾಗುವುದೂ ಹೌದು. ಹಬ್ಬ, ಸಂಗೀತ, ಕನ್ನಡ ಶಾಲೆಗಳ ನಡುವೆ ಒಂದು ಕೆಲಸವನ್ನು ಅವರೂ ಕೈಗೆತ್ತಿಕೊಳ್ಳಬಹುದು: ಮನೆಯ ಕ್ರಯಪತ್ರ ಹಿಡಿದು ಲ್ಯಾಂಡ್ ಲಾಟ್ ಸಂಖ್ಯೆಯಿಂದ ಹಿಂದಕ್ಕೆ, ಹೆಸರಿನಿಂದ ಹೆಸರಿಗೆ, 1912ರವರೆಗೆ, ಅಲ್ಲಿಂದ ಲಾಟರಿಯವರೆಗೆ ಹೋಗುವುದು. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಯಾವ ಪ್ರಾಜೆಕ್ಟಿಗಿಂತಲೂ ಇದು ಉಪಯುಕ್ತ. ಅದಕ್ಕೆ ಬೇಕಾದ ಪುಸ್ತಕಗಳಲ್ಲಿ ಬಹುಪಾಲು ಸಾರ್ವಜನಿಕರಿಗೆ ತೆರೆದಿವೆ. ಜಾರ್ಜಿಯಾದ ಹಳೆಯ ಪತ್ರಿಕೆಗಳ ದೊಡ್ಡ ಸಂಗ್ರಹ ಮನೆಯಲ್ಲೇ ಕೂತು ಓದುವಂತೆ ಗಣಕದಲ್ಲಿದೆ.

ವಿದ್ಯಾರ್ಥಿ ಮಿತ್ರರಿಗೆ ನನ್ನ ಮಾತಿನ ಸಾರ ಇಷ್ಟು. ಯಾವ ಊರಿನ ಚರಿತ್ರೆಗೆ ಹೊರಟರೂ ಸ್ಥಳಪುರಾಣವನ್ನು ಇಸವಿ ಹಿಡಿದು ಬಿಡಿಸಿ. ಕೈಗೆ ಬಂದ ಕಾಗದವನ್ನು ಯಾರು, ಯಾರಿಗಾಗಿ, ಯಾವ ಲಾಭಕ್ಕೆ ಬರೆದರು ಎಂದು ಕೇಳಿ. ತೆರಿಗೆ, ವಿಮೆ, ಬ್ಯಾಂಕು, ಜೈಲು, ಸ್ಮಶಾನಗಳ ಒಣ ಲೆಕ್ಕವನ್ನು ಸಾಹಿತ್ಯಕ್ಕಿಂತ ಮೊದಲು ಓದಿ. ಒಂದು ಪಟ್ಟಿಯನ್ನು ಎಂದೂ ಒಂಟಿಯಾಗಿ ನಂಬಬೇಡಿ. ಎರಡನೆಯದನ್ನು ಪಕ್ಕದಲ್ಲಿಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದವರು ಯಾರು ಎಂದು ನೋಡಿ. ಅವರ ಹೆಸರನ್ನು ಬರೆದುಕೊಳ್ಳಿ. ನಿಮ್ಮ ಸಂಶೋಧನೆ ಅಲ್ಲಿಂದ ಶುರುವಾಗುತ್ತದೆ.